ಫೋನಿನಲ್ಲಿ ಹೇಳಿದ ಎಣ್ಣೆ

ಶಿಗ್ಗಾಂವ, ಸವಣೂರು, ಹಾನಗಲ್ಲ, ಹಿರೇಕೆರೂರು. ಈ ನಾಲ್ಕು ತಾಲೂಕುಗಳಲ್ಲಿ ಜೆರಾಕ್ಸ್ ಮಷಿನ್ ಬಿಚ್ಚಿ ರಿಪೇರಿ ಮಾಡುವ ಹೆಂಗಸು ನಾನು ಬಲ್ಲಂತೆ ಒಬ್ಬಳೇ. ಹೆಸರು ರಾಜಶ್ರೀ. ಹಿರೇಬೆಂಡಿಗೇರಿಯ ಹೂವಪ್ಪನ ಮಗಳು. ಶಿಗ್ಗಾಂವದ ಕೋರ್ಟಿನ ಎದುರಿಗಿರುವ ನನ್ನ ಜೆರಾಕ್ಸ್ ಅಂಗಡಿಯಲ್ಲಿ ಆರು ವರ್ಷ ಕೌಂಟರಿಗೆ ನಿಂತವಳು. ಹಾಗಾಗಿ ಅವಳ ಸಂಗತಿ ನನಗೆ ಗೊತ್ತು. ನಾನು ಕಾಣದ್ದನ್ನು ಅವಳೇ ಹೇಳಿದ್ದಾಳೆ, ಕೆಲವನ್ನು ಎರಡೆರಡು ಸಲ.

ನನ್ನ ಮಷಿನ್ ಕೆಟ್ಟರೆ ಸವಣೂರಿನಿಂದ ದಿಲ್ಶಾದ ಚಾಚಾ ಬರುತ್ತಿದ್ದರು. ಮೊದಲು ಟೈಪ್‌ರೈಟರು, ಆಮೇಲೆ ಜೆರಾಕ್ಸು, ಹೀಗೆ ನಲವತ್ತು ವರ್ಷ ಕೈ ಆಡಿಸಿದ ಮನುಷ್ಯ. ಕಣ್ಣು ಮಂಜಾಗತೊಡಗಿದ ಮೇಲೆ ಟಾರ್ಚ್ ಹಿಡಿಯಲು ರಾಜಶ್ರೀಯನ್ನು ಕರೆಯುತ್ತಿದ್ದರು. ಒಂದು ದಿನ ಅವರು ಬಿಚ್ಚಿಟ್ಟ ಸ್ಕ್ರೂಗಳನ್ನೆಲ್ಲ ಅವಳು ಒಂದು ರದ್ದಿ ಹಾಳೆಯ ಮೇಲೆ ಸಾಲಾಗಿ ಜೋಡಿಸಿ, ಯಾವುದು ಎಲ್ಲಿಯದೆಂದು ಪೆನ್ನಿನಿಂದ ಬರೆದಿಟ್ಟಿದ್ದಳು. ಚಾಚಾ ಆ ಹಾಳೆಯ ಮೇಲೆ ಬಗ್ಗಿ ಬಹಳ ಹೊತ್ತು ನೋಡಿದರು.

"ಇದನ್ನ ಯಾರ ಕಲಿಸಿದ್ರು ಬೇಟಿ?"

"ಯಾರೂ ಇಲ್ರಿ ಚಾಚಾ. ತಪ್ಪಬಾರದಂತ ಬರದೇನಿ."

"ಹಂಗಾದ್ರ ಮುಂದಿನ ಸಲ ನೀ ಬಿಚ್ಚು. ನಾ ಟಾರ್ಚ್ ಹಿಡೀತೇನಿ."

ಅವರು ಕಲಿಸಿದ್ದರಲ್ಲಿ ಎಲ್ಲಕ್ಕಿಂತ ಹೆಚ್ಚು ದಿನ ಹಿಡಿದದ್ದು ಎಣ್ಣೆಯ ಪಾಠ. ಕಾಗದದ ಮೇಲೆ ಕರಿಪುಡಿಯನ್ನು ಕರಗಿಸಿ ಅಂಟಿಸುವ ಬಿಸಿ ರೋಲರ್ ಒಂದಿರುತ್ತದೆ. ಅದರ ಎರಡು ತುದಿಯ ಬುಷ್‌ಗಳಿಗೆ ಬಿಸಿ ತಡೆಯುವ ಗ್ರೀಸೇ ಬೇಕು. ಪ್ಲಾಸ್ಟಿಕ್ ಗೇರುಗಳಿಗೆ ಬಿಳಿ ಗ್ರೀಸು. ದೀಪ ಅತ್ತಿತ್ತ ಓಡಾಡುವ ಕಂಬಿಗೆ ತೆಳು ಎಣ್ಣೆ, ಅದನ್ನೂ ಹಚ್ಚಿ ಒರೆಸಿಬಿಡಬೇಕು. ಕಾಗದ ಎಳೆಯುವ ರಬ್ಬರಿಗಂತೂ ಎಣ್ಣೆಯ ವಾಸನೆಯೂ ತಾಗಬಾರದು. "ಎಣ್ಣಿ ಅಂದ್ರ ತುಪ್ಪ ಅಲ್ಲ ಬೇಟಿ, ಔಷಧ. ಒಂದ ಕೈಯಾಗ ಬ್ರಷ್ ಹಿಡದ್ರ ಇನ್ನೊಂದ ಕೈಯಾಗ ಒರಸೂ ಅರಬಿ ಇರಬೇಕು," ಎನ್ನುತ್ತಿದ್ದರು. ರಾಜಶ್ರೀಗೆ ಈ ಮಾತು ಬೇಗ ಹತ್ತಿತು. ಅವಳಪ್ಪ ಹೂವಪ್ಪ ಕಂಡವರ ಚಕ್ಕಡಿಗಳಿಗೆ ಕೀಲೆಣ್ಣೆ ಹಾಕಿಕೊಟ್ಟು ಬಂದವನು. ಹೆಚ್ಚು ಹಾಕಿದರೆ ಧೂಳು ಮೆತ್ತಿ ಅಚ್ಚು ಸವೆಯುತ್ತದೆ ಎಂಬುದನ್ನು ಅವಳು ಲಂಗ ಉಡುವ ವಯಸ್ಸಿನಲ್ಲೇ ಕೇಳಿದ್ದಳು.

ಚಾಚಾ ಮನೆ ಹಿಡಿದ ಮೇಲೆ ಅವರ ಗಿರಾಕಿಗಳೆಲ್ಲ ಇವಳ ಪಾಲಿಗೆ ಬಂದರು. ಮೊದಮೊದಲು ಆಫೀಸುಗಳಲ್ಲಿ "ಮೆಕ್ಯಾನಿಕ್ ಎಲ್ಲಿ ಅದಾನ್ರಿ?" ಎಂದು ಅವಳ ಬೆನ್ನ ಹಿಂದೆ ಹುಡುಕುತ್ತಿದ್ದರಂತೆ. ಏಳು ವರ್ಷದಲ್ಲಿ ಅದು ನಿಂತಿತು. ಗಂಡ ಹುಲಗೇಶ ಗೊಬ್ಬರದ ಅಂಗಡಿಯ ಗಾಡಿ ಓಡಿಸುತ್ತಾನೆ. ಬೆಳಗಿನ ಅಡಿಗೆ ಇಬ್ಬರೂ ಸೇರಿ ಮುಗಿಸಿ ಅವನು ಒಂದು ದಾರಿ, ಅವಳು ಬ್ಯಾಗು ಹೆಗಲಿಗೇರಿಸಿ ಇನ್ನೊಂದು ದಾರಿ. ಹೆಸರು ಬೆಳೆಯಿತು. ಹೆಸರಿನ ಸಂಗಡ ಫೋನುಗಳೂ ಬೆಳೆದವು. ನಾಲ್ಕು ತಾಲೂಕಿಗೆ ಒಬ್ಬಳೇ ಎಲ್ಲಿಂದ ಮುಟ್ಟಿಯಾಳು? ಸಣ್ಣ ಪುಟ್ಟದ್ದನ್ನು ಫೋನಿನಲ್ಲೇ ಹೇಳಿ ಮಾಡಿಸುವ ರೂಢಿ ಬಿತ್ತು. ಆ ಬಾಗಿಲು ತೆಗೀರಿ, ಈ ಹಸಿರು ಹಿಡಿಕೆ ತಿರುಗಿಸ್ರಿ, ಸಿಕ್ಕ ಕಾಗದ ಎಳೀರಿ. ಮಷಿನ್ ನಡೆಯುತ್ತಿತ್ತು. ಜನ ಹೊಗಳುತ್ತಿದ್ದರು.

ಕಳೆದ ವರ್ಷ ಫೆಬ್ರುವರಿಯ ಒಂದು ಮಂಗಳವಾರ. ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಅವಳು ಹಿರೇಕೆರೂರಿನ ಒಬ್ಬ ವಕೀಲರ ಆಫೀಸಿನಲ್ಲಿ ಮಷಿನ್ನಿನ ಹೊಟ್ಟೆ ಬಿಚ್ಚಿಕೊಂಡು ಕುಳಿತಿದ್ದಳು. ತಿಳವಳ್ಳಿಯ ಒಂದು ಖಾಸಗಿ ಕಾಲೇಜಿನಿಂದ ಫೋನು ಬಂತು. ಅಲ್ಲಿನ ಗುಮಾಸ್ತ ಕುಬೇರಪ್ಪ.

"ಅಕ್ಕಾರ, ಮಷಿನ್ ಕಿರ್ರ ಅಂತ ಒದರಾಕತ್ತೈತ್ರಿ. ನಾಳೆ ಹುಡುಗರ ಪರೀಕ್ಷಾ. ಇನ್ನೂ ಮೂರು ಪೇಪರ್ ತೆಗೀಬೇಕು."

"ಒದರೋದು ಬಲಗಡಿ ಬಾಗಲದಾಗೇನ್ರಿ, ಬಿಸಿ ಹತ್ತತೈತಲ್ಲ ಅಲ್ಲಿ?"

"ಹೌದ್ರಿ, ಅಲ್ಲೇ."

ಅವಳಿಗೆ ಸದ್ದಿನ ಮೇಲೇ ಗೊತ್ತಾಯಿತು. ಬಿಸಿ ರೋಲರಿನ ಬುಷ್ ಒಣಗಿದೆ. ತಾನು ಹೋಗಿ ಗ್ರೀಸು ಹಚ್ಚಿದರೆ ಹತ್ತು ನಿಮಿಷದ ಕೆಲಸ, ಆದರೆ ಹೋಗುವುದೇ ಮಧ್ಯಾಹ್ನವಾಗುತ್ತದೆ. ಅಷ್ಟರವರೆಗೆ ಓಡಲಿ ಎಂದು, ತುದಿಗೆ ಒಂದೇ ಒಂದು ಹನಿ ಎಣ್ಣೆ ಬಿಡಲು ಹೇಳಿ ಫೋನು ಇಟ್ಟಳು. ಇಷ್ಟು ಅವಳಿಗೆ ಚೆನ್ನಾಗಿ ನೆನಪಿತ್ತು.

ವಕೀಲರ ಕೆಲಸ ಮುಗಿಸಿ ಹಾನಗಲ್ಲ ಬಸ್ಸು ಹತ್ತಿ ತಿಳವಳ್ಳಿಯಲ್ಲಿ ಇಳಿದಾಗ ಎರಡು ಗಂಟೆ. ಕಾಲೇಜಿನ ಗೇಟಿನೊಳಗೆ ಕಾಲಿಟ್ಟ ಕೂಡಲೇ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಮೂಗಿಗೆ ಬಡಿಯಿತು. ಹುಡುಗಿಯರು ಗುಂಪುಗುಂಪಾಗಿ ಅಂಗಳದಲ್ಲಿ ನಿಂತಿದ್ದರು. ಆಫೀಸ್ ಕೋಣೆಯ ಗೋಡೆ ಸೂರಿನ ತನಕ ಕರ್ರಗಾಗಿತ್ತು. ಮಷಿನ್ನಿನ ಬಲಭಾಗ ಕರಗಿ ಜೋತುಬಿದ್ದಿತ್ತು. ಯಾರೋ ಬಕೆಟ್ಟಿನಿಂದ ಉಸುಕು ಎರಚಿದ್ದರು. ಆ ಉಸುಕಿನಲ್ಲಿ ಹಸಿರು ಬಳೆಯ ಎರಡು ತುಂಡು ಬಿದ್ದಿದ್ದವು.

"ಯಾರಿಗಾತು?" ಎಂದು ಕೇಳಿದಳು. ಬಾಗಿಲಲ್ಲಿ ನಿಂತಿದ್ದ ಒಬ್ಬ ಹುಡುಗಿ ಹೇಳಿದಳು. "ತಿಪ್ಪವ್ವಗ್ರಿ. ಮಾರಿ, ಕೈ ಎಲ್ಲಾ. ಹಾನಗಲ್ಲಿಗೆ ಒಯ್ದಾರ."

ತಿಪ್ಪವ್ವ ಅಲ್ಲಿನ ಅಟೆಂಡರ್. ಗಂಟೆ ಹೊಡೆಯುವುದು, ನೀರು ತರುವುದು, ಪೇಪರು ಮಡಚುವುದು ಅವಳ ಕೆಲಸ. ಐವತ್ತರ ಹತ್ತಿರದ ಹೆಂಗಸು. ರಾಜಶ್ರೀ ರಿಪೇರಿಗೆ ಹೋದಾಗಲೆಲ್ಲ ಪಕ್ಕದಲ್ಲಿ ಕುಂತು, ಮಷಿನ್ನಿನ ಒಳಗಿನದನ್ನು ಒಂದೊಂದಾಗಿ ಇದೇನು ಅದೇನು ಎಂದು ಕೇಳುತ್ತಿದ್ದಳು. ಇವಳಿಗೆ ತಂಗಿ ಎಂದೇ ಕರೆಯುತ್ತಿದ್ದಳು.

ರಾಜಶ್ರೀ ಹಾನಗಲ್ಲ ದವಾಖಾನೆ ಮುಟ್ಟುವ ಹೊತ್ತಿಗೆ ಡಾಕ್ಟರು ಹುಬ್ಬಳ್ಳಿಗೆ ಒಯ್ಯಲು ಬರೆದುಕೊಟ್ಟಿದ್ದರು. ಆಂಬುಲೆನ್ಸಿಗೆ ಏರಿಸುವಾಗ ತಿಪ್ಪವ್ವ ಒಂದು ಕ್ಷಣ ಕಣ್ಣಿಗೆ ಬಿದ್ದಳು. ಹುಬ್ಬಿರಲಿಲ್ಲ. ಹಣೆ ಕೆಂಪಗೆ ಊದಿತ್ತು. ಎರಡೂ ಕೈಗಳನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಎದೆಯ ಮೇಲೆ ಇಟ್ಟಿದ್ದರು. ತಿಪ್ಪವ್ವನ ಸೊಸೆ ಹೇಮಾ ಅಳುವುದನ್ನೂ ಮರೆತು ಚಪ್ಪಲಿ ಇಲ್ಲದೆ ಗಾಡಿ ಏರಿದಳು. ಬಾಗಿಲು ಮುಚ್ಚಿತು.

ಕುಬೇರಪ್ಪ ಔಷಧ ಕೊಡುವ ಕಿಟಕಿಯ ಹತ್ತಿರ ಗೋಡೆಗೆ ಆತು ನಿಂತಿದ್ದ. ಅವನ ಅಂಗಿಯ ತೋಳು ಮಸಿಯಾಗಿತ್ತು. ರಾಜಶ್ರೀ ಹೋಗಿ ಎದುರಿಗೆ ನಿಂತಳು.

"ಒಂದ ಹನಿ ಅಂದಿದ್ನೆಲ್ರಿ ಸರ? ಒಂದ ಹನಿ ಅಂದ್ರ ಒಂದ ಹನಿ. ನೀವೇನ ಮಾಡಿದ್ರಿ?"

"ಸ್ಪ್ರೇ ಹೊಡದ್ನಿ. ಗೇಟಿನ ಕೀಲಿಗೆ ಹೊಡಿಯೋ ಸ್ಪ್ರೇ."

"ಸ್ಪ್ರೇ! ಯಾರ ಹೇಳಿದ್ರು ನಿಮಗ?"

ಕುಬೇರಪ್ಪ ಅವಳ ಮುಖ ನೋಡಿದ. ಕಿಸೆಯಿಂದ ಫೋನು ತೆಗೆದ. ಮಾತಾಡಿದ ಕರೆಗಳೆಲ್ಲ ತಾವಾಗಿಯೇ ರೆಕಾರ್ಡ್ ಆಗುವ ಹಾಗೆ ಅವನ ಮಗಳು ಅದನ್ನು ಹೊಂದಿಸಿಕೊಟ್ಟಿದ್ದಳಂತೆ. ಪಟ್ಟಿಯಲ್ಲಿ ಬೆಳಗಿನ ಕರೆ ಹುಡುಕಿ ಒತ್ತಿದ.

ಮೊದಲು ಅವನ ಧ್ವನಿ. "ಅಕ್ಕಾರ, ಹನಿ ಬಿಡೋ ಎಣ್ಣಿ ಇಲ್ರಿ ಇಲ್ಲೆ. ಗೇಟಿಗೆ ಹೊಡಿಯೋ ಸ್ಪ್ರೇ ಐತಿ. ಅದನ್ನ ಹೊಡೀಲೇನ್ರಿ?"

ಆಮೇಲೆ ರಾಜಶ್ರೀಯ ಧ್ವನಿ. ಅವಳದೇ. ಅನುಮಾನವೇ ಇಲ್ಲ.

"ಹೂಂ, ಹೊಡೀರಿ. ಸ್ವಲ್ಪ."

"ಮಷಿನ್ ಬಂದ್ ಮಾಡ್ಲೇನ್ರಿ?"

ಇದಕ್ಕೆ ಉತ್ತರವಿಲ್ಲ. ಅದೇ ಧ್ವನಿ ವಕೀಲರ ಗುಮಾಸ್ತನಿಗೆ "ಆ ಟ್ರೇ ಇತ್ಲಾಗ ಕೊಡ್ರಿ" ಎನ್ನುತ್ತದೆ. ಫೋನು ಕಟ್ಟಾಗುತ್ತದೆ.

"ನನಗ ಅದು ನೆನಪ ಇರಲಿಲ್ರಿ ಅಣ್ಣಾರ," ಎಂದು ಅವಳು ನನ್ನ ಅಂಗಡಿಯಲ್ಲಿ ಕುಂತು ಹೇಳಿದ್ದಾಳೆ. "ದೇವರಾಣಿ ನೆನಪ ಇರಲಿಲ್ಲ. ಸ್ಪ್ರೇ ಅಂದ್ರ ನಾ ಬ್ಯಾಡ ಅಂತೇನಿ ಅಂತ ನನಗ ನಾನ ಹೇಳ್ಕೊಂಡಿದ್ನಿ. ಆದ್ರ ಅದರಾಗ ನಾನ ಹೂಂ ಅನ್ನಾಕತ್ತೇನಿ. ಎಷ್ಟ ಹಗುರ ಅಂದೇನಿ ನೋಡ್ರಿ, ಚಾ ಕುಡೀತೀರೇನು ಅಂದ್ರ ಹೂಂ ಅಂದಂಗ."

ಆ ದವಾಖಾನೆಯ ಕಟ್ಟೆಯ ಮೇಲೆ ಎಷ್ಟು ಹೊತ್ತು ಕುಳಿತಿದ್ದಳೋ ಅವಳಿಗೆ ಗೊತ್ತಿಲ್ಲ. ಹುಲಗೇಶ ಗಾಡಿ ತಂದು ಕರೆದುಕೊಂಡು ಹೋದ.

ನಡೆದದ್ದು ಹೀಗೆ. ಮಷಿನ್ ಬಂದ್ ಮಾಡಿರಲಿಲ್ಲ, ಒಳಗೆ ಕೈ ಇಡಲಾಗದಷ್ಟು ಬಿಸಿಯಿತ್ತು. ತಿಪ್ಪವ್ವ ಟಾರ್ಚ್ ಹಿಡಿದು ಬಗ್ಗಿದ್ದಳು. ಕುಬೇರಪ್ಪ ಸದ್ದು ನಿಲ್ಲಲಿ ಎಂದು ಅರ್ಧ ಡಬ್ಬಿ ಹೊಡೆದ. ಆ ಸ್ಪ್ರೇಯಲ್ಲಿ ಎಣ್ಣೆಗಿಂತ ಹೆಚ್ಚು ಇರುವುದು ಬೆಂಕಿ ಹಿಡಿಯುವ ಗಾಳಿ. ಅದು ಮಷಿನ್ನಿನ ಹೊಟ್ಟೆಯೊಳಗೆ ತುಂಬಿ ನಿಂತಿತು. ಬಾಗಿಲು ಬಿಗಿಯಾಗಿತ್ತು, ಎರಡೂ ಅಂಗೈ ಊರಿ ಒತ್ತಿದರೇ ಮುಚ್ಚುವಂಥದ್ದು. ತಿಪ್ಪವ್ವ ಒತ್ತಿದಳು. ಬಾಗಿಲು ಮುಚ್ಚಿದ ಕೂಡಲೇ ಕರೆಂಟು ಹಾಯಿಸುವ ಸಣ್ಣ ಸ್ವಿಚ್ಚೊಂದು ಆ ಮೂಲೆಯಲ್ಲಿರುತ್ತದೆ. ಅದರ ಒಂದು ಕಿಡಿ ಸಾಕಾಯಿತು.

ಮೂರನೇ ದಿನ ಪ್ರಿನ್ಸಿಪಾಲ ಮಹಾಲಿಂಗಪ್ಪನವರು ರಾಜಶ್ರೀಯನ್ನು ಕರೆಸಿದರು. ಒಳ್ಳೆಯ ಮನುಷ್ಯ, ಹೆದರಿದ್ದರು. ಬೆಂಕಿ ಹೇಗೆ ಹತ್ತಿತೆಂದು ಮೆಕ್ಯಾನಿಕ್ಕಿನ ಕೈಬರಹದ ವರದಿ ಬೇಕಿತ್ತು.

"ಶಾರ್ಟ್ ಸರ್ಕೀಟ್ ಆತು ಅಂತ ಬರದಬಿಡವ್ವ. ಹಳೇ ಮಷಿನ್, ಯಾರೂ ಕೇಳೂದಿಲ್ಲ. ನಿನಗೂ ಚಲೋ, ಕುಬೇರಪ್ಪಗೂ ಚಲೋ."

"ನಾಳೆ ಬರದ ಕೊಡ್ತೇನ್ರಿ ಸರ," ಎಂದು ಎದ್ದು ಬಂದಳು. ಅವರು ಹೇಳಿದ ಹಾಗೆಯೇ ಬರೆಯಲು ಮನಸ್ಸಿತ್ತು ಎಂದೇ ನನಗೆ ಹೇಳಿದಳು, ಮುಚ್ಚಿಡಲಿಲ್ಲ. ನಾಲ್ಕು ಸಾಲು ಬರೆದುಕೊಟ್ಟರೆ ಮುಗಿಯುತ್ತಿತ್ತು. ಮನೆಗೆ ಹೋಗದೆ ಅವಳು ನೇರ ಸವಣೂರಿಗೆ ಹೋದಳು. ದಿಲ್ಶಾದ ಚಾಚಾ ಅಂಗಳದಲ್ಲಿ ಹೊರಸಿನ ಮೇಲೆ ಮಲಗಿದ್ದರು. ಎಲ್ಲ ಹೇಳಿದಳು. ಅವರು ಎದ್ದು ಕುಂತರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ ಎಂದು ನನಗೆ ಹೇಳಿದಳು.

"ಹೂಂ ಅಂದೆ ಏನ ಬೇಟಿ?" ಎಂದು ಒಂದೇ ಮಾತು ಕೇಳಿದರು.

"ಹೂಂ ಅಂದ್ನಿ ಚಾಚಾ."

"ಹಂಗಾದ್ರ ಹಂಗ ಬರಿ. ಶಾರ್ಟ್ ಸರ್ಕೀಟ್ ಅಂತ ಬರದ್ರ, ನಾಳೆ ಇನ್ನೊಂದ ಆಫೀಸಿನ್ಯಾಗ ಅಂಥಾದ್ದ ಡಬ್ಬಿ ತಗೊಂಡ ಇನ್ನೊಬ್ಬಾಂವ ಹೊಡೀತಾನ. ಅಲ್ಲೆ ಯಾರ ಬಾಗಲಾ ಒತ್ತತಾರೋ."

ಅವಳು ಬರೆದಳು. ಮೊದಲ ಸಾಲಿನಲ್ಲೇ ತನ್ನ ಹೆಸರು ಹಾಕಿದಳು: ಸ್ಪ್ರೇ ಹೊಡೆಯಬಹುದೇ ಎಂದು ಕೇಳಿದಾಗ ಹೊಡೆಯಿರಿ ಎಂದು ನಾನೇ ಹೇಳಿದೆ, ಮಷಿನ್ ಬಂದ್ ಮಾಡಬೇಕೇ ಎಂಬ ಮಾತಿಗೆ ನಾನು ಉತ್ತರ ಕೊಡಲಿಲ್ಲ. ಮಹಾಲಿಂಗಪ್ಪನವರು ಓದಿ ಕನ್ನಡಕ ತೆಗೆದರು. "ಏನವ್ವ ಇದು?" ಎಂದರು. ಅವಳು ಸಹಿ ತೋರಿಸಿದಳು.

ಮಷಿನ್ ಬಂದ್ ಮಾಡದೆ ಅರ್ಧ ಡಬ್ಬಿ ಹೊಡೆದದ್ದೂ ವರದಿಯಲ್ಲಿತ್ತು, ಅದರಿಂದ ಕುಬೇರಪ್ಪನನ್ನು ಎರಡು ತಿಂಗಳು ಕೆಲಸದಿಂದ ದೂರವಿಟ್ಟರು. ಇವತ್ತಿಗೂ ಅವನು ಅವಳ ಜೊತೆ ಮಾತಾಡುವುದಿಲ್ಲ. ಪೊಲೀಸರು ಬಂದು ಹೇಳಿಕೆ ಬರೆದುಕೊಂಡರು. ತಿಪ್ಪವ್ವನ ಮನೆಯವರು ಕೇಸು ಬೇಡ ಎಂದರು. ಕೆಲಸದ ಹೊತ್ತಿನಲ್ಲಿ ಆದ ಅಪಘಾತ ಎಂದು ವರದಿಯಲ್ಲಿದ್ದದ್ದರಿಂದ ಕಾಲೇಜು ಚಿಕಿತ್ಸೆಯನ್ನು ತಾನೇ ನೋಡಿಕೊಂಡಿತು, ನೌಕರಿಯನ್ನೂ ಉಳಿಸಿತು. ಆದರೆ ಸುದ್ದಿ ಬಸ್ಸಿಗಿಂತ ಮುಂಚೆ ಊರು ಮುಟ್ಟುತ್ತದೆ. ಹಾನಗಲ್ಲ ಕಡೆಯ ಎಷ್ಟೋ ಆಫೀಸುಗಳು ರಾಜಶ್ರೀಯನ್ನು ಕರೆಯುವುದನ್ನು ಬಿಟ್ಟವು. ಅವಳು ಕರೆಯದಿದ್ದರೂ ಹೋದಳು. ಒಂದೊಂದೇ ಆಫೀಸು ಹೊಕ್ಕು, ಮಷಿನ್ನಿನ ಹತ್ತಿರ ಸ್ಪ್ರೇ ಡಬ್ಬಿ ಇದ್ದರೆ ತೆಗೆಸಿ, ನಡೆದದ್ದನ್ನು ಹೇಳಿ ಬಂದಳು. ಕೆಲವರು ಕುರ್ಚಿ ಕೊಟ್ಟು ಕೇಳಿದರು. ಕೆಲವರು ಬಾಗಿಲಲ್ಲೇ ನಿಲ್ಲಿಸಿದರು. ಫೋನಿನಲ್ಲಿ ರಿಪೇರಿ ಹೇಳುವುದನ್ನು ಅಂದೇ ಬಿಟ್ಟಳು. ನಾನು ಕೇಳಿದರೂ ಹೇಳುವುದಿಲ್ಲ.

ತಿಪ್ಪವ್ವ ನಾಲ್ಕು ವಾರಕ್ಕೆ ಮನೆಗೆ ಬಂದಳು. ರಾಜಶ್ರೀ ಆ ಭಾನುವಾರವೇ ತಿಳವಳ್ಳಿಗೆ ಹೋದಳು. ಬೈಸಿಕೊಳ್ಳಲು ತಯಾರಾಗಿಯೇ ಹೋಗಿದ್ದಳು. ತಿಪ್ಪವ್ವ ಪಡಸಾಲೆಯಲ್ಲಿ ಕುಂತಿದ್ದಳು. ಮುಖದ ಬಣ್ಣ ಅಲ್ಲಲ್ಲಿ ಬೇರೆಯಾಗಿತ್ತು.

"ಕುಂತ್ಕೋ," ಎಂದಳು. ತಾನಾಗಿಯೇ ಮಾತು ತೆಗೆದಳು. "ಕುಬೇರಪ್ಪ ಸರಗ ಅಂದಿದ್ನಿ ನಾನು. ಅಕೀ ಬರೂತನಕ ತಡೀರಿ ಅಂದಿದ್ನಿ. ಇಲ್ಲ, ರಾಜಶ್ರೀನ ಹೇಳ್ಯಾಳ ಅಂದ್ರು. ನೀ ಹೇಳೀದಿ ಅಂದಮ್ಯಾಲ ಹೆದರಿಕಿ ಯಾಕಂತ ಬಗ್ಗಿದ್ನಿ."

ಇದನ್ನು ಹೇಳುವಾಗ ರಾಜಶ್ರೀ ನನ್ನ ಅಂಗಡಿಯ ಸ್ಟೂಲಿನಿಂದ ಎದ್ದು ಹೋಗಿ ರಸ್ತೆ ನೋಡುತ್ತ ನಿಂತಳು. ರೆಕಾರ್ಡಿನಲ್ಲಿ ತನ್ನ ಧ್ವನಿ ಕೇಳಿದ್ದಕ್ಕಿಂತ ಇದು ಎದೆಗೆ ಜೋರಾಗಿ ಬಡಿಯಿತು ಎಂದಳು. ಅಲ್ಲಿ ತಾನು ಅಜಾಗರೂಕಳು, ಅಷ್ಟೇ. ಇಲ್ಲಿ ಒಂದು ಜೀವ ತನ್ನ ಹೆಸರು ಕೇಳಿ ಧೈರ್ಯ ತಂದುಕೊಂಡು ಬೆಂಕಿಗೆ ಬಗ್ಗಿತ್ತು.

ಸುಟ್ಟ ಬೆರಳುಗಳು ಬಿಗಿಯದಂತೆ ದಿನಾ ಕೊಬ್ಬರಿ ಎಣ್ಣೆ ತಿಕ್ಕಿ, ಒಂದೊಂದೇ ಗಿಣ್ಣು ಮಡಚಿ ಬಿಡಿಸಬೇಕೆಂದು ಡಾಕ್ಟರು ಹೇಳಿದ್ದರು. ಹೇಮಾ ಒಳಗಿನಿಂದ ಬಾಟಲಿ ತಂದಳು. ರಾಜಶ್ರೀ ಕೈ ಚಾಚಿದಳು. ತಿಪ್ಪವ್ವ ತನ್ನ ಕೈ ಹಿಂದಕ್ಕೆ ಎಳೆದುಕೊಂಡಳು.

"ನೀ ಬ್ಯಾಡ ತಂಗಿ. ಹೇಮಾ ಹಚ್ತಾಳ."

ಸಿಟ್ಟಿನಿಂದ ಅಂದದ್ದಲ್ಲ, ಅವಳಿಗೇ ತಿಳಿಯದೆ ಬಂದ ಮಾತು. ಹೇಮಾ ಎಣ್ಣೆ ಹಚ್ಚಿದಳು. ರಾಜಶ್ರೀ ನೋಡುತ್ತ ಕುಳಿತಳು. ಮುಂದಿನ ಭಾನುವಾರವೂ ಹೋದಳು, ಅದರ ಮುಂದಿನದೂ. ತಾನು ಮತ್ತೆ ಕೈ ಚಾಚಲಿಲ್ಲ. ಹೇಮಾ ಎಣ್ಣೆ ತಿಕ್ಕುವಾಗ ಇವಳು ಒಳಗೆ ಹೋಗಿ ರೊಟ್ಟಿ ಬಡಿದಳು, ಕೊಡ ತುಂಬಿಸಿದಳು. ತಿಪ್ಪವ್ವ ಬೇಡ ಅನ್ನಲಿಲ್ಲ. ಬಾ ಎಂದೂ ಕರೆಯಲಿಲ್ಲ.

ಜೂನಿನಲ್ಲಿ ಹೇಮಾ ಫೋನು ಮಾಡಿದಳು. "ಅಕ್ಕಾ, ರೇಶನ್ ಕೊಡವಲ್ರು. ಅತ್ತಿ ಹೆಬ್ಬಟ್ಟು ಮಷಿನ್ಯಾಗ ಬರವಲ್ದು. ನನ್ನ ಹೆಸರು ಇನ್ನೂ ಕಾರ್ಡಿಗೆ ಏರಿಲ್ಲ. ಇಷ್ಟ ದಿನ ನಮ್ಮನಿಯವ್ರು ಒತ್ತತಿದ್ರು, ಈಗ ಅವ್ರು ದುಡ್ಯಾಕ ಊರ ಬಿಟ್ಟಾರ."

ರಾಜಶ್ರೀಗೆ ಒಮ್ಮೆಗೇ ಅರ್ಥವಾಗಲಿಲ್ಲ. ಆಮೇಲೆ ತಿಳಿಯಿತು. ಬೆಂಕಿ ತಿಪ್ಪವ್ವನ ಹೆಬ್ಬೆರಳಿನ ಗೆರೆಗಳನ್ನೇ ಒರೆಸಿಬಿಟ್ಟಿತ್ತು. ಅಕ್ಕಿ ಕೊಡುವ ಮಷಿನ್ನಿನ ಲೆಕ್ಕದಲ್ಲಿ ತಿಪ್ಪವ್ವ ಎಂಬ ಹೆಂಗಸೇ ಇರಲಿಲ್ಲ. ಫೋನು ಕಿವಿಯಲ್ಲೇ ಇತ್ತು, ಅವಳು ತನ್ನ ಹೆಬ್ಬೆರಳನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದಳಂತೆ. ಒಂದು ಹೂಂ ಎಲ್ಲಿಯ ತನಕ ಹೋಗಿದೆ ಎಂದು ಅವಳು ದಂಗಾಗಿ ಹೋದಳು.

ಮರುದಿನ ಕೆಲಸ ಬಿಟ್ಟು ತಿಪ್ಪವ್ವನನ್ನು ಹಾನಗಲ್ಲಿಗೆ, ಆಧಾರ್ ತಿದ್ದುವ ಕೇಂದ್ರಕ್ಕೆ ಕರೆದುಕೊಂಡು ಹೋದಳು. ಪಾಳಿಯಲ್ಲಿ ಮೂರು ತಾಸು ನಿಂತರು. ಅಲ್ಲಿ ಕುಂತಿದ್ದ ಗೌಹರ ಎಂಬ ಹುಡುಗಿ ಬಲಗೈ ಬೆರಳುಗಳನ್ನು ಒಂದೊಂದಾಗಿ ಗಾಜಿನ ಮೇಲೆ ಇಡಿಸಿದಳು; ಗೆರೆ ಸಿಕ್ಕರೆ ತೆರೆಯ ಮೇಲೆ ಹಸಿರು, ಸಿಗದಿದ್ದರೆ ಕೆಂಪು. ಕೆಂಪು. ಮತ್ತೆ ಕೆಂಪು. ಐದಕ್ಕೆ ಐದೂ ಕೆಂಪು. ತಿಪ್ಪವ್ವ ಪ್ರತಿ ಸಲ ಬೆರಳನ್ನು ಸೆರಗಿಗೆ ಒರೆಸಿ ಮತ್ತೆ ಇಡುತ್ತಿದ್ದಳು, ಕೊಳೆಯಿಂದ ಹೀಗಾಗುತ್ತಿದೆ ಎಂಬ ಹಾಗೆ. ರಾಜಶ್ರೀಗೆ ನೋಡಲಾಗಲಿಲ್ಲ, ಆದರೂ ನೋಡಿದಳು.

"ಎಡಗೈ ಕೊಡ್ರಿ ಅಮ್ಮಾ," ಎಂದಳು ಗೌಹರ. "ಅವಸರ ಇಲ್ಲ. ಮೆತ್ತಗ ಇಡ್ರಿ."

ಎಡಗೈಯ ಹೆಬ್ಬೆರಳು ಕೆಂಪು. ತೋರುಬೆರಳು ಕೆಂಪು. ನಡುಬೆರಳು ಇಟ್ಟಾಗ ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಹಸಿರು ಬಂತು. ಉಂಗುರಬೆರಳೂ ಹಸಿರು. ಗೌಹರ ಕಣ್ಣಿನ ಗುರುತನ್ನೂ ಹೊಸದಾಗಿ ತೆಗೆದುಕೊಂಡಳು. ಎರಡು ವಾರ ಬಿಟ್ಟು ರೇಶನ್ ಅಂಗಡಿಗೆ ಹೋಗಿ ಎಂದಳು.

ಎರಡು ವಾರದ ಮೇಲೆ ತಿಳವಳ್ಳಿಯ ರೇಶನ್ ಅಂಗಡಿಯಲ್ಲಿ ತಿಪ್ಪವ್ವ ಎಡಗೈಯ ನಡುಬೆರಳು ಇಟ್ಟಳು. ಮಷಿನ್ ಅವಳ ಹೆಸರನ್ನು ಕೂಗಿ ಹೇಳಿತು. ಸುತ್ತ ನಿಂತ ಹೆಂಗಸರು ನಕ್ಕರು. ತಿಪ್ಪವ್ವ ನಗಲಿಲ್ಲ, ಮಷಿನ್ನನ್ನು ಮಿಕಿಮಿಕಿ ನೋಡಿದಳು, ಮತ್ತೊಮ್ಮೆ ಹೇಳೀತೇನೋ ಎಂದು ಕಾಯುವವಳ ಹಾಗೆ. ಅಂಗಡಿಯವನು ಅಕ್ಕಿ ಅಳೆದು ಚೀಲಕ್ಕೆ ಸುರಿದ. ಚೀಲ ಎತ್ತಲು ಹೋದರೆ ಬಲಗೈಯ ಬೆರಳುಗಳು ಪೂರ್ತಿ ಮಡಚಲಿಲ್ಲ, ಜಾರಿತು. ಅವಳು ತಿರುಗಿ ರಾಜಶ್ರೀಯ ಕಡೆ ನೋಡಿದಳು.

"ನಿಂತ ಏನ ನೋಡ್ತೀ? ಈ ಕಡಿ ತುದಿ ನೀ ಹಿಡಿ," ಎಂದಳು.

ಇಬ್ಬರೂ ಒಂದೊಂದು ತುದಿ ಹಿಡಿದು ಓಣಿಯಲ್ಲಿ ನಡೆದರು. ದಾರಿಯುದ್ದಕ್ಕೂ ತಿಪ್ಪವ್ವ ಮೆಕ್ಕೆಜೋಳದ ಬಿತ್ತಿಗೆಯ ಮಾತು, ಹೇಮಾ ಬಸುರಾದ ಮಾತು ಆಡುತ್ತಿದ್ದಳು. ಮನೆಯ ಕಟ್ಟೆಯ ಹತ್ತಿರ ಚೀಲ ಇಳಿಸಿ, ಚಾ ಕುಡಿದು ಹೋಗು ಎಂದಳು.